ಬೆಂಜ್ ತವರಿಗೆ ಹೊರಟಿದೆ, ಕಳಿಸಬಹುದಾ?

ಗಾಡಿ ಮಾತು: ಓದುಗರ ಪ್ರಶ್ನೆಗಳಿಗೆ ಹುಬ್ಬಳ್ಳಿಯ ಹಳೇ ಗ್ಯಾರೇಜಿನವನ ಉತ್ತರ

ಪ್ರಶ್ನೆ: ನಾನು ನಿವೃತ್ತ ಕಾಲೇಜು ಮೇಷ್ಟ್ರು. ವಯಸ್ಸು 66. ನಮ್ಮಣ್ಣ ತೀರಿಕೊಂಡ ಮೇಲೆ ಅವರ 1996ರ ಬೆಂಜ್ ಇ 220 ಪೆಟ್ರೋಲ್ ಕಾರು ನನ್ನ ಪಾಲಿಗೆ ಬಂದಿದೆ. ಓಡಿರುವುದು 1,38,000 ಕಿ.ಮೀ. ಅಣ್ಣನ ಕಾಯಿಲೆಯ ಕಾಲದಲ್ಲಿ ಮೂರು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಈಗ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ಊರೊಳಗೆ ಓಡಿಸುತ್ತಿದ್ದೇನೆ. ಮಗ ಪುಣೆಯಲ್ಲಿದ್ದಾನೆ. ನಾನೂ ನನ್ನ ಹೆಂಡತಿಯೂ ಇದೇ ಕಾರಿನಲ್ಲಿ ಹೋಗಿ ಹದಿನೈದು ದಿನ ಇದ್ದು ಬರಬೇಕೆಂದು ಆಸೆ. ಮಗಳು ‘ದಾರಿ ಮಧ್ಯೆ ನಿಂತರೆ ಅಮ್ಮನ್ನ ಏನು ಮಾಡ್ತೀಯಪ್ಪಾ’ ಎಂದು ಬೈಯುತ್ತಾಳೆ. ಮೆಕ್ಯಾನಿಕ್ ಮಾತ್ರ ‘ಎಂಜಿನ್ ಕಲ್ಲಿದ್ದ ಹಾಗಿದೆ ಸಾರ್, ಕಣ್ಣು ಮುಚ್ಚಿಕೊಂಡು ಹೋಗಿ’ ಎನ್ನುತ್ತಾನೆ. ಯಾರ ಮಾತು ಕೇಳಲಿ?
(ಮೈಸೂರಿನ ಓದುಗರು)

ಉತ್ತರ: ಇಬ್ಬರದೂ ನಿಜ ಮೇಷ್ಟ್ರೇ. ಆದರೆ ಈ ಸಲ ಮಗಳ ಮಾತಿಗೆ ಒಂದು ತೂಕ ಜಾಸ್ತಿ.

ನಿಮ್ಮ ಮೆಕ್ಯಾನಿಕ್ ಸುಳ್ಳು ಹೇಳುತ್ತಿಲ್ಲ. ಆ 2.2 ಲೀಟರ್ ಎಂಜಿನ್ನು ಗಟ್ಟಿ ಜಾತಿಯದೇ. 1,38,000 ಅದಕ್ಕೆ ಒಂದು ಓಟವೇ ಅಲ್ಲ. ಆದರೆ ಮೂವತ್ತು ವರ್ಷ ಗ್ಯಾರೇಜ್ ನಡೆಸಿದ್ದರಲ್ಲಿ, ಹೈವೇಯಿಂದ ನನ್ನ ಶೆಡ್ಡಿಗೆ ಎಳೆಸಿಕೊಂಡು ಬಂದ ಹಳೇ ದೊಡ್ಡ ಕಾರುಗಳಲ್ಲಿ ಎಂಜಿನ್ ಒಳಗೇ ಮುರಿದು ನಿಂತದ್ದು ಬೆರಳೆಣಿಕೆಯಷ್ಟು. ಉಳಿದವನ್ನೆಲ್ಲ ನಿಲ್ಲಿಸಿದ್ದು ರಬ್ಬರು, ಪ್ಲಾಸ್ಟಿಕ್ಕು, ವೈರು. ಇವಕ್ಕೆ ಕಿಲೋಮೀಟರ್ ಲೆಕ್ಕ ಗೊತ್ತಿಲ್ಲ, ವರ್ಷದ ಲೆಕ್ಕ ಮಾತ್ರ ಗೊತ್ತು. ಓಡಿದ ಕಾರಿಗಿಂತ ನಿಂತ ಕಾರಿನಲ್ಲಿ ಬೇಗ ಹಾಳಾಗುವುದೂ ಇವೇ. ನೀವು ಓಡಿಸಿದ್ದಕ್ಕಲ್ಲ, ಅಣ್ಣನವರು ಓಡಿಸದೆ ಇದ್ದ ಆ ಮೂರು ವರ್ಷಕ್ಕೆ ನನಗೆ ಭಯ.

ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನೀವು ಹೊರಟಿರುವುದು ಆ ಕಾರಿನ ತವರಿಗೆ. ಬೆಂಜ್‌ನವರು ಟಾಟಾದವರ ಟೆಲ್ಕೊ ಕಂಪನಿ ಜೊತೆ ಸೇರಿ 1995ರಲ್ಲಿ ನಮ್ಮ ದೇಶದಲ್ಲಿ ಕಾರು ಜೋಡಿಸಲು ಶುರು ಮಾಡಿದ್ದು ಪುಣೆಯಲ್ಲೇ. ಮೊದಲು ಬಂದದ್ದು ನಿಮ್ಮ ಈ ಡಬ್ಲ್ಯು 124 ಮಾಡೆಲ್ಲು. ಜರ್ಮನಿಯಲ್ಲಿ 1984ರಿಂದ ಮಾಡುತ್ತಿದ್ದ ಕಾರು ಅದು, ಅಲ್ಲಿ ಅದರ ಜಾಗಕ್ಕೆ ಹೊಸದು ಬಂದ ಹೊತ್ತಿಗೆ ಇಲ್ಲಿ ಶುರುವಾಯಿತು. ಆಗ ಕೆಲವರು ‘ಹಳೇ ಮಾಲು ನಮಗೆ ದಾಟಿಸಿದರು’ ಎಂದು ಗೊಣಗಿದರು. ನಾನು ಗೊಣಗಲಿಲ್ಲ. ಇಡೀ ದಿನ ಜೋರಾಗಿ ಓಡಲೆಂದೇ ಕಟ್ಟಿದ ಕಾರು. ಮೈಸೂರಿನ ಟ್ರಾಫಿಕ್ಕಿನಲ್ಲಿ ತರಕಾರಿ ತರುವುದಕ್ಕಿಂತ ಪುಣೆಗೆ ಹೋಗುವುದೇ ಅದಕ್ಕೆ ಸುಲಭ. ಮೈ ಸರಿ ಮಾಡಿಕೊಟ್ಟರೆ, ಅಷ್ಟೆ.

ಮೊದಲು ವೈರು. 1992ರಿಂದ ನಾಲ್ಕೈದು ವರ್ಷ ಬಂದ ಬೆಂಜ್ ಪೆಟ್ರೋಲ್ ಎಂಜಿನ್ನುಗಳ ವೈರಿಂಗಿಗೆ ಒಂದು ಜಾತಿಯ ಹೊದಿಕೆ ಹಾಕಿದ್ದರು. ಎಂಜಿನ್ ಬಿಸಿಗೆ ವರ್ಷಗಟ್ಟಲೆ ಬೆಂದು ಅದು ಹಪ್ಪಳದ ಹಾಗೆ ಆಗುತ್ತದೆ. ಬೆರಳಲ್ಲಿ ಬಗ್ಗಿಸಿದರೆ ಪುಡಿ ಪುಡಿ. ತಾಮ್ರಕ್ಕೆ ತಾಮ್ರ ತಗಲಿತು ಎಂದರೆ ಕಾರು ಬಿಸಿಯಾದಾಗ ಜರ್ಕ್ ಹೊಡೆಯುತ್ತದೆ, ಸಿಗ್ನಲ್ಲಿನಲ್ಲಿ ಆಫ್ ಆಗುತ್ತದೆ, ತಣ್ಣಗಾದ ಮೇಲೆ ಏನೂ ಆಗಿಲ್ಲದವರ ಹಾಗೆ ಸ್ಟಾರ್ಟ್ ಆಗುತ್ತದೆ. ಮೆಕ್ಯಾನಿಕ್ಕುಗಳು ಪೆಟ್ರೋಲ್ ಪಂಪು ಬದಲಿಸುತ್ತಾರೆ, ಪ್ಲಗ್ಗು ಬದಲಿಸುತ್ತಾರೆ, ಕೊನೆಗೆ ಇಡೀ ಕಂಪ್ಯೂಟರ್ ಬಾಕ್ಸನ್ನೇ ದೂರುತ್ತಾರೆ. ಒಂದು ಕಾರಿಗೆ ನಾನೇ ಎರಡು ತಿಂಗಳು ಹೀಗೆ ಸುಮ್ನೆ ಖರ್ಚು ಮಾಡಿಸಿದ್ದೇನೆ. ಆ ಓನರ್ ಈಗಲೂ ಸಿಕ್ಕಾಗ ನಗುತ್ತಾರೆ, ನನಗೆ ನಗು ಬರುವುದಿಲ್ಲ.

ನೀವು ಮಾಡಿಸಬೇಕಾದ್ದು ಸುಲಭ. ಎಂಜಿನ್ ತಣ್ಣಗಿದ್ದಾಗ, ಇಂಜೆಕ್ಟರ್ ಹತ್ತಿರ ವೈರಿನ ಕರಿ ತೋಳನ್ನು ಅರ್ಧ ಇಂಚು ಹಿಂದೆ ಸರಿಸಿ, ಒಳಗಿನ ವೈರನ್ನು ಮೆಲ್ಲಗೆ ಬಗ್ಗಿಸಿ ನೋಡಲಿ. ಬಳುಕಿದರೆ ಸರಿ. ಬಿರುಕು ಬಿಟ್ಟರೆ ಇಡೀ ವೈರಿಂಗ್ ಬದಲಿಸದೆ ಊರು ಬಿಡಬೇಡಿ. ಅಲ್ಲಲ್ಲಿ ಟೇಪು ಸುತ್ತಿ ‘ಆಯ್ತು ಸಾರ್’ ಎಂದರೆ ಒಪ್ಪಬೇಡಿ. ಥ್ರಾಟಲ್ ಪಕ್ಕದ ಚಿಕ್ಕ ಪೆಟ್ಟಿಗೆಯ ಒಳಗೂ ಇದೇ ಜಾತಿಯ ವೈರಿದೆ, ಅದನ್ನು ಮರೆಯುವವರೇ ಜಾಸ್ತಿ. ಅಣ್ಣನವರು ಈಗಾಗಲೇ ಬದಲಿಸಿರಬಹುದು. ಹಳೇ ಬಿಲ್ಲುಗಳ ಫೈಲ್ ಇದ್ದರೆ ಹುಡುಕಿ. ಬೆಂಜ್ ಇಟ್ಟವರು ಸಾಮಾನ್ಯವಾಗಿ ಬಿಲ್ಲು ಎಸೆಯುವುದಿಲ್ಲ. ಶೆಡ್ಡಿನಲ್ಲಿ ನಿಂತಿದ್ದ ಕಾರು ಬೇರೆ, ಇಲಿ ಕಡಿದಿದೆಯಾ ಎಂದೂ ಅದೇ ಕೈಯಲ್ಲಿ ನೋಡಿಸಿ.

ಆಮೇಲೆ ನೀರಿನ ದಾರಿ. ರೇಡಿಯೇಟರಿನ ಎರಡು ಕಡೆಯ ಡಬ್ಬಿ ಪ್ಲಾಸ್ಟಿಕ್ಕಿನದು. ಮೇಲಿನ ಹೋಸ್ ಪೈಪು ಸೇರುವ ಕುತ್ತಿಗೆ ಇದೆಯಲ್ಲ, ವಯಸ್ಸಾದ ಮೇಲೆ ಅದು ಒಂದು ದಿನ ಟಪ್ ಎಂದು ಮುರಿಯುತ್ತದೆ. ಯಾವ ಮುನ್ಸೂಚನೆಯೂ ಇಲ್ಲ. ನೀರೆಲ್ಲ ಚೆಲ್ಲಿದ್ದು ಗೊತ್ತಾಗದೆ ನಾಲ್ಕು ಕಿಲೋಮೀಟರ್ ಓಡಿಸಿದಿರೋ, ಎಂಜಿನ್ನಿನ ತಲೆಗೂ ಮೈಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಯಿತು. ರೇಡಿಯೇಟರ್ ಕಾರಿನ ಜೊತೆ ಹುಟ್ಟಿದ್ದಾದರೆ ಬದಲಿಸಿ. ಜೊತೆಗೆ ಹೋಸುಗಳು, ಥರ್ಮೋಸ್ಟಾಟ್, ಬೆಲ್ಟು. ಕೂಲೆಂಟ್ ಪೂರ್ತಿ ಬಸಿದು, ಅರ್ಧ ಕೂಲೆಂಟ್ ಅರ್ಧ ಡಿಸ್ಟಿಲ್ಡ್ ವಾಟರ್ ಹಾಕಿಸಿ. ನಲ್ಲಿ ನೀರು ಬೇಡ. ಎಸಿ ಹಾಕಿದಾಗ ರೇಡಿಯೇಟರ್ ಮುಂದಿನ ಫ್ಯಾನುಗಳು ತಿರುಗುತ್ತವಾ ಎಂದು ಕಣ್ಣಾರೆ ನೋಡಿ.

ನಿಮ್ಮ ಕಾರಿನ ಬಿಸಿಯ ಮುಳ್ಳು ಸುಳ್ಳು ಹೇಳುವುದಿಲ್ಲ. ಹೈವೇಯಲ್ಲಿ 80ರಿಂದ 90ರ ಆಸುಪಾಸು, ಟ್ರಾಫಿಕ್ಕಿನಲ್ಲಿ 100ರ ಹತ್ತಿರ ಹೋಗಿ ಇಳಿದರೆ ಗಾಬರಿ ಬೇಡ. ಹತ್ತಿದ್ದು ಇಳಿಯದಿದ್ದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ಕಿಟಕಿ ತೆಗೆದು, ಸುರಕ್ಷಿತವಾದ ಜಾಗ ನೋಡಿ ನಿಲ್ಲಿಸಿ. ಬಿಸಿಯಲ್ಲಿ ಕೂಲೆಂಟ್ ಮುಚ್ಚಳ ತೆಗೆಯಬೇಡಿ. ಇದು ನಿಮಗೆ ಗೊತ್ತಿದ್ದೇ, ಆದರೂ ಪ್ರತಿ ವರ್ಷ ಯಾರೋ ಒಬ್ಬರು ಕೈ ಸುಟ್ಟುಕೊಂಡು ಬರುತ್ತಾರೆ.

ಟೈರಿನ ವಿಷಯದಲ್ಲಿ ನನ್ನ ಮೂರ್ಖತನವನ್ನೇ ಹೇಳುತ್ತೇನೆ. ಸುಮಾರು ಹದಿನೈದು ವರ್ಷದ ಹಿಂದೆ, ಇಂಥದೇ ಒಂದು ಬೆಂಜ್‌ನಲ್ಲಿ ಅದರ ಓನರ್ ಜೊತೆ ಬೆಂಗಳೂರಿಗೆ ಹೊರಟಿದ್ದೆ. ನಾಲ್ಕೂ ಟೈರು ಹೊಸದು. ಹಾವೇರಿ ದಾಟಿದ ಮೇಲೆ ಒಂದು ಕಬ್ಬಿಣದ ಚೂರು ಹತ್ತಿ ಪಂಕ್ಚರ್ ಆಯಿತು. ಡಿಕ್ಕಿ ತೆಗೆದರೆ ಸ್ಟೆಪ್ನಿ ಹೊಳೆಯುತ್ತಿದೆ. ಒಮ್ಮೆಯೂ ನೆಲ ಮುಟ್ಟದ ಟೈರು, ಮೇಲೆ ರಬ್ಬರಿನ ಮೀಸೆ ಇನ್ನೂ ಹಾಗೇ ಇದೆ. ‘ನೋಡ್ರಿ, ಮದುಮಗಳು ಇದ್ದಂಗ ಐತಿ’ ಎಂದು ಹಾಕಿದೆ. ಇಪ್ಪತ್ತು ಕಿಲೋಮೀಟರಿಗೆ ಅದರ ಮೇಲಿನ ಪಟ್ಟಿಯೇ ಸಿಪ್ಪೆಯ ಹಾಗೆ ಎದ್ದು, ಬಡಿದು, ಹಿಂದಿನ ಮಡ್‌ಗಾರ್ಡ್ ಒಳಗೆ ತಿರುಚಿ ಬಿತ್ತು. ಆಮೇಲೆ ಟೈರಿನ ಪಕ್ಕ ಓದಿದೆ. ಡಾಟ್ (DOT) ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ ಮೂರೇ ಅಂಕೆ. 2000ದಿಂದ ಈಚೆಗೆ ಬಂದ ಟೈರಿನಲ್ಲಿ ಅಲ್ಲಿ ನಾಲ್ಕು ಅಂಕೆ ಇರುತ್ತವೆ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 1423 ಎಂದಿದ್ದರೆ 2023ರ ಹದಿನಾಲ್ಕನೇ ವಾರ. ಮೂರೇ ಅಂಕೆ ಇದ್ದರೆ ಅದು ಹೋದ ಶತಮಾನದ ಟೈರು! ಪುಣೆಯಲ್ಲಿ ಕಾರಿನ ಜೊತೆಗೇ ಡಿಕ್ಕಿಯಲ್ಲಿ ಕೂತದ್ದು, ಎದ್ದೇ ಇರಲಿಲ್ಲ. ಗ್ಯಾರೇಜಿನವನಾಗಿ ನಾನು ನೋಡಬೇಕಿತ್ತು, ನೋಡಿರಲಿಲ್ಲ.

ಹಾಗಾಗಿ ನಿಮ್ಮ ಐದೂ ಟೈರಿನ ಅಂಕೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಐದೂ, ನಾಲ್ಕಲ್ಲ. ಆರು ವರ್ಷ ದಾಟಿದ್ದನ್ನು ಇಷ್ಟು ದೂರಕ್ಕೆ ನಾನು ಕಳಿಸುವುದಿಲ್ಲ, ಗೀಟು ಎಷ್ಟೇ ಆಳ ಇರಲಿ. 195/65 ಆರ್ 15 ಸೈಜು ಎಲ್ಲ ಕಡೆ ಸಿಗುತ್ತದೆ, ಅದೊಂದು ಪುಣ್ಯ.

ಪೆಟ್ರೋಲು. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸಿದ್ದು. ನಿಮ್ಮ ಕಾರು ಕಟ್ಟುವಾಗ ಇದು ಯಾರ ತಲೆಯಲ್ಲೂ ಇರಲಿಲ್ಲ. ಒಂದು ಟ್ಯಾಂಕಿಗೆ ಎಂಜಿನ್ ಸಾಯುವುದಿಲ್ಲ, ಹೆದರಬೇಡಿ. ಮೈಲೇಜ್ ಸ್ವಲ್ಪ ಇಳಿಯುತ್ತದೆ. ನಿಜವಾದ ತೊಂದರೆ ಹಳೇ ರಬ್ಬರ್ ಪೈಪುಗಳಿಗೆ: ಎಥನಾಲ್ ತಾಗಿ ಮೆತ್ತಗಾಗುತ್ತವೆ, ಬಿರಿಯುತ್ತವೆ. ಹಿಂದಿನ ಚಕ್ರದ ಮುಂದೆ, ಕಾರಿನ ಅಡಿಯಲ್ಲಿ ಪೆಟ್ರೋಲ್ ಪಂಪು, ಫಿಲ್ಟರ್ ಇವೆ. ಅಲ್ಲಿನ ಪೈಪುಗಳನ್ನೂ ಎಂಜಿನ್ ಹತ್ತಿರದ್ದನ್ನೂ ಎಥನಾಲ್ ತಡೆಯುವ ಜಾತಿಯದಕ್ಕೆ ಬದಲಿಸಿ, ಫಿಲ್ಟರ್ ಹೊಸದು ಹಾಕಿಸಿ. ಮೂರು ವರ್ಷದ ಹಳೇ ಪೆಟ್ರೋಲು ಟ್ಯಾಂಕಿನಲ್ಲಿ ಉಳಿದಿದ್ದರೆ ಅದನ್ನು ಬಸಿಸದೆ ಮೇಲೆ ಹೊಸದು ಸುರಿಯಬೇಡಿ. ಎಥನಾಲ್ ನೀರು ಎಳೆಯುತ್ತದೆ, ನಿಂತ ಕಾರಿಗೆ ಅದೇ ವಿಷ. ಪುಣೆಯಿಂದ ಬಂದ ಮೇಲೂ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ‘ಹಳೇ ಕಾರಲ್ವಾ’ ಎಂದು ಸುಮ್ಮನಾಗದೆ ಅಲ್ಲೇ ನಿಲ್ಲಿಸಿ ನೋಡಿಸಿ.

ಬ್ರೇಕ್ ಆಯಿಲ್ ಬದಲಿಸಿ, ಬ್ರೇಕ್ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಜಾಮ್ ಆಗಿದೆಯಾ ನೋಡಿಸಿ. ಮುಂದಿನ ಬಾಲ್ ಜಾಯಿಂಟ್, ಹಿಂದಿನ ಬುಷ್ಷು, ಶಾಫ್ಟಿನ ರಬ್ಬರ್ ಡಿಸ್ಕು ಇವೂ ನೋಡಲಿ. ಮಳೆಗಾಲದಲ್ಲಿ ಹೋಗುವುದಾದರೆ ಆ ಒಂಟಿ ವೈಪರ್. ಅದು ಮೂಲೆ ಮೂಲೆಗೆ ಚಾಚಿ ಕುಣಿಯುತ್ತದೆ, ನೋಡಲು ಚೆಂದ. ಒಳಗಿನ ಗ್ರೀಸ್ ಒಣಗಿದರೆ ಮುದುಕನ ಹಾಗೆ ಏದುಸಿರು ಬಿಡುತ್ತದೆ. ಬಿಚ್ಚಿ ಗ್ರೀಸ್ ಹಾಕಿಸಿ. ಕೆಟ್ಟರೆ ಇನ್ನೊಂದು ವೈಪರ್ ಇಲ್ಲ ಎನ್ನುವುದು ನೆನಪಿರಲಿ.

ಇಷ್ಟೆಲ್ಲ ಮಾಡಿಸಿದ ಖರ್ಚಿನಲ್ಲಿ ನೀವಿಬ್ಬರೂ ಹಲವು ಸಲ ವಿಮಾನದಲ್ಲಿ ಹೋಗಿಬರಬಹುದು. ಮಗಳು ಈ ಲೆಕ್ಕ ತೆಗೆದರೆ ವಾದ ಮಾಡಬೇಡಿ, ಸೋಲುತ್ತೀರಿ.

ಕೆಲಸ ಮುಗಿದ ಮರುದಿನವೇ ಪುಣೆಗೆ ಹೊರಡಬಾರದು. ಬಿಚ್ಚಿ ಜೋಡಿಸಿದ ಕಾರಿನಲ್ಲಿ ಏನಾದರೂ ಒಂದು ಕ್ಲಿಪ್ಪು ಸಡಿಲ ಉಳಿದೇ ಇರುತ್ತದೆ, ಎಷ್ಟು ಒಳ್ಳೆಯ ಕೈಯಾದರೂ. ಮೊದಲ ವಾರ ಮಧ್ಯಾಹ್ನದ ಬಿಸಿಲಲ್ಲಿ, ಎಸಿ ಹಾಕಿಕೊಂಡು ಚಾಮುಂಡಿ ಬೆಟ್ಟ ಹತ್ತಿಸಿ. ಮುಂದಿನ ವಾರ ಮಡಿಕೇರಿಗೆ ಹೋಗಿ ಕಾಫಿ ಕುಡಿದು ವಾಪಸ್ ಬನ್ನಿ, ಸುಮಾರು 240 ಕಿ.ಮೀ. ಆಗುತ್ತದೆ. ರಾತ್ರಿ ಕಾರಿನ ಅಡಿಗೆ ಹಳೇ ಪೇಪರ್ ಹಾಸಿ. ಬೆಳಗ್ಗೆ ಕಲೆ ಎಲ್ಲಿ ಬಿದ್ದಿದೆ, ಯಾವ ಬಣ್ಣ ನೋಡಿ. ಆಯಿಲ್ಲು, ಕೂಲೆಂಟು ಎಷ್ಟು ಇಳಿದಿದೆ ಅಳೆಯಿರಿ. ಎರಡು ಸಲ ಹೀಗೆ ಹೋಗಿ ಬಂದು ಪೇಪರ್ ಒಣಗಿದ್ದರೆ ಆಗ ಪುಣೆ.

ದಾರಿ ನನಗೆ ಅಂಗೈ ರೇಖೆ. ಬೆಂಗಳೂರಿನ ಮೇಲೆ ಹೋಗಬೇಡಿ. ನಾಗಮಂಗಲ, ಚಿಕ್ಕನಾಯಕನಹಳ್ಳಿ, ಹುಳಿಯಾರು ಮೇಲೆ ಹಿರಿಯೂರಿಗೆ ಬಂದು ಅಲ್ಲಿ ಹೈವೇ 48 ಹಿಡಿಯಿರಿ. ತೆಂಗಿನ ತೋಟದ ಮಧ್ಯೆ ನಿಧಾನದ ದಾರಿ, ಬೆಳಗಿನ ಹೊತ್ತಿಗೆ ಹಿತ. ಚಿತ್ರದುರ್ಗ, ದಾವಣಗೆರೆ, ಹಾವೇರಿ ದಾಟಿ ಮೊದಲ ರಾತ್ರಿ ಹುಬ್ಬಳ್ಳಿಯಲ್ಲಿ ಉಳಿಯಿರಿ. ಅಲ್ಲಿಗೆ ಹೆಚ್ಚುಕಡಿಮೆ 450. ಮರುದಿನ ಬೆಳಗಾವಿ, ಕೊಲ್ಹಾಪುರ, ಸಾತಾರಾ ಮೇಲೆ ಪುಣೆ, ಅದೂ ಅಷ್ಟೇ. ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ನಿಲ್ಲಿ, ಕಾರಿಗೂ ಅಷ್ಟು ಹೊತ್ತು ಉಸಿರಾಡಲು ಬೇಕು. 80, 90ರಲ್ಲಿ ಟಾಪ್ ಗೇರಿನಲ್ಲಿ ಬಿಡಿ. ಲೀಟರಿಗೆ ಒಂಬತ್ತೋ ಹತ್ತೋ ಕೊಡಬಹುದು. ಕತ್ತಲಾದ ಮೇಲೆ ಓಡಿಸಬೇಡಿ. ಆ ಕಾಲದ ಹೆಡ್‌ಲೈಟು ಈಗಿನ ಎಲ್‌ಇಡಿಗಳ ಎದುರು ದೀಪದ ಬುಡ್ಡಿ.

ಸಾತಾರಾ ದಾಟಿದ ಮೇಲೆ ಖಂಬಾಟ್ಕಿ ಘಾಟ್ ಇದೆ. ನಾನು ಓಡಾಡಿದಾಗಲೆಲ್ಲ ಪುಣೆ ಕಡೆ ಹೋಗುವವರಿಗೆ ಸುರಂಗ, ಪುಣೆಯಿಂದ ಬರುವವರಿಗೆ ಘಾಟ್ ಏರು. ಹೋಗುವಾಗ ಆರಾಮ, ಬರುವಾಗ ಕಾರಿಗೆ ಪರೀಕ್ಷೆ. ಲಾರಿ ಹಿಂದೆ ಸಿಕ್ಕಿಹಾಕಿಕೊಂಡು ತೆವಳುವುದು ಬೇಡವೆಂದರೆ ಪುಣೆಯನ್ನು ಬೆಳಗಿನ ಜಾವವೇ ಬಿಡಿ.

ಕಾಗದಪತ್ರ ಬೇಗ ಹೇಳಿಬಿಡುತ್ತೇನೆ. ಹದಿನೈದು ವರ್ಷದ ನಂತರ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ನಿಮ್ಮದು 1996ರ ರಿಜಿಸ್ಟ್ರೇಷನ್ ಆದರೆ 2011, 2016, 2021, 2026 ಹೀಗೆ. ಮಧ್ಯೆ ಒಂದು ತಪ್ಪಿದ್ದರೆ ಮೊದಲು ಅದು. ಅಣ್ಣನವರ ಹೆಸರಿನಿಂದ ನಿಮ್ಮ ಹೆಸರಿಗೆ ಆಗಿದೆಯಾ? ಇನ್ಶೂರೆನ್ಸೂ ಅದೇ ಹೆಸರಿಗೆ ಬರಬೇಕು. ಎಮಿಷನ್ ಸರ್ಟಿಫಿಕೇಟು, ಫಾಸ್ಟ್ಯಾಗ್ ಸರಿ ಇರಲಿ. ಹೈವೇಯಲ್ಲಿ ನಿಂತರೆ ಕರೆಯಬೇಕಾದ ನಂಬರ್ 1033. ಎಳೆಸುವ ಹೊತ್ತು ಬಂದರೆ ಹಗ್ಗ ಕಟ್ಟಿ ಎಳೆಸಬೇಡಿ, ಬೆನ್ನ ಮೇಲೆ ಹೊರುವ ಗಾಡಿಯೇ ಬೇಕೆಂದು ಹೇಳಿ.

ಡಿಕ್ಕಿಯಲ್ಲಿ ಒಂದು ಬೆಲ್ಟು, ಮೇಲಿನ ಹೋಸು, ನಾಲ್ಕಾರು ಫ್ಯೂಸು, ಐದು ಲೀಟರ್ ಡಿಸ್ಟಿಲ್ಡ್ ವಾಟರ್, ಒಂದು ಲೀಟರ್ ಆಯಿಲ್ಲು. ಬೆಲ್ಟು ಹೋಸು ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹುಡುಕಿದರೆ ಸಿಗುತ್ತವೆ, ದಾರಿಯಲ್ಲಿ ಸಿಗುವುದಿಲ್ಲ. ಹಾಕಲು ನಿಮಗೆ ಬರದಿದ್ದರೂ ಪರವಾಗಿಲ್ಲ. ಹಾಕಬಲ್ಲವನು ಪ್ರತಿ ಊರಲ್ಲೂ ಇದ್ದಾನೆ, ಅವನ ಹತ್ತಿರ ಇಲ್ಲದ್ದು ಆ ಸಾಮಾನು ಮಾತ್ರ.

ಪ್ರಶ್ನೆ: ನಮ್ಮದು 2003ರ ಹೋಂಡಾ ಅಕಾರ್ಡ್, ಆಟೊಮ್ಯಾಟಿಕ್. ಶಿವಮೊಗ್ಗದಿಂದ ಉಡುಪಿಗೆ ತವರಿಗೆ ಹೋಗುವಾಗ ಆಗುಂಬೆ ಇಳಿಯುತ್ತೇನೆ. ಕೆಳಗೆ ಸೋಮೇಶ್ವರಕ್ಕೆ ಬರುವಷ್ಟರಲ್ಲಿ ಸುಟ್ಟ ವಾಸನೆ. ಹೋದ ಸಲ ಬ್ರೇಕ್ ಪೆಡಲ್ ಹತ್ತಿಯ ಹಾಗೆ ಮೆತ್ತಗಾಯಿತು. ಪ್ಯಾಡ್ ಹೊಸದೇ ಇದೆ. ಮನೆಯವರು ‘ನಿನಗೆ ಘಾಟ್ ಓಡಿಸಲು ಬರಲ್ಲ’ ಎನ್ನುತ್ತಾರೆ.
(ಶಿವಮೊಗ್ಗದ ಓದುಗರು)

ಉತ್ತರ: ಮೇಡಂ, ಮನೆಯವರು ಹೇಳಿದ್ದರಲ್ಲಿ ಕಾಲು ಭಾಗ ನಿಜ, ಮುಕ್ಕಾಲು ಭಾಗ ಬ್ರೇಕ್ ಆಯಿಲ್ಲಿನದು. ಆ ಆಯಿಲ್ ಗಾಳಿಯಿಂದ ನೀರಿನ ಪಸೆ ಎಳೆದುಕೊಳ್ಳುತ್ತದೆ. ಮಲೆನಾಡಿನಲ್ಲಿ ಕೇಳಬೇಕಾ? ಬ್ರೇಕ್ ಕಾದಾಗ ಒಳಗಿನ ನೀರು ಕುದಿದು ಆವಿಯಾಗುತ್ತದೆ. ನೀವು ಒತ್ತಿದ್ದು ಆವಿಯನ್ನು ಹಿಸುಕಲು ಹೋಗುತ್ತದೆ, ಪ್ಯಾಡಿಗೆ ತಲುಪುವುದಿಲ್ಲ. ಅದೇ ಆ ಹತ್ತಿ. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ. ‘ಟಾಪ್ ಅಪ್ ಮಾಡಿದ್ದೇವೆ’ ಎನ್ನುವುದು ಲೆಕ್ಕಕ್ಕಿಲ್ಲ.

ಆ ಕಾಲು ಭಾಗ ಯಾವುದೆಂದರೆ, ನೀವು ಇಳಿಯುವಾಗ ಗೇರ್ ಡಿಯಲ್ಲೇ ಬಿಟ್ಟಿರುತ್ತೀರಿ. ಮೇಲೆ ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರವೇ ಡಿ3ಗೆ ಹಾಕಿ. ತಿರುವು ಶುರುವಾದ ಮೇಲೆ 2. ಎಂಜಿನ್ ಕೂಗುತ್ತದೆ, ಕೂಗಲಿ, ಅದು ಕಾರನ್ನು ಹಿಡಿದಿಟ್ಟುಕೊಂಡಿದೆ ಎಂದರ್ಥ. ಕಾಲು ಬ್ರೇಕಿನ ಮೇಲೆ ಇಟ್ಟೇ ಇರಬೇಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಒಮ್ಮೆ ಒತ್ತಿ, ಬಿಡಿ. ಹದಿನಾಲ್ಕು ತಿರುವಿಗೆ ಹದಿನಾಲ್ಕು ಸಲ ಒತ್ತಿದರೆ ಸಾಕು. ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಕಾದ ಚಕ್ರಕ್ಕೆ ನೀರು ಎರಚಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ.

ಮುಂದಿನ ಸಲ ಮನೆಯವರೇ ಓಡಿಸಲಿ, ನೀವು ಪಕ್ಕ ಕೂತು ಎಣಿಸಿ.

ಪ್ರಶ್ನೆ: ಸರ್, ನನಗ 27 ವರ್ಷ. ಬೆಳಗಾವಿಯಲ್ಲಿ 2004ರ ಬೆಂಜ್ ಎಸ್-ಕ್ಲಾಸ್ ಹೊಸ ಸಣ್ಣ ಕಾರಿನ ರೇಟಿಗೆ ಸಿಗಾಕತ್ತೈತಿ. ತೊಗೊಂಡು ಸೀದಾ ಕಾಶಿಗೆ ಹೋಗಬೇಕಂತ ನಾಕು ಮಂದಿ ಗೆಳ್ಯಾರು ಪ್ಲಾನ್ ಮಾಡೀವಿ. ನಿಮ್ಮ ಸಲಹಾ ಏನು?
(ಬೆಳಗಾವಿಯ ಓದುಗರು)

ಉತ್ತರ: ತಮ್ಮಾ, ಮೇಲೆ ಮೇಷ್ಟ್ರಿಗೆ ಹೇಳಿದ್ದು ಓದಿ ಧೈರ್ಯ ತಂದುಕೊಳ್ಳಬೇಡ. ಅವರದು ನೀನು ಹೇಳುವ ಕಾರಿಗಿಂತ ಎಂಟು ವರ್ಷ ಹಳೆಯದು, ಆದರೆ ಬಹಳ ಸರಳ ಕಾರು: ಸ್ಪ್ರಿಂಗ್ ಇದೆ, ಶಾಕ್ ಅಬ್ಸಾರ್ಬರ್ ಇದೆ, ಮುಗಿಯಿತು. ನೀನು ಹೇಳುವ ಮಾಡೆಲ್ಲು ನಿಂತಿರುವುದು ಗಾಳಿಯ ಮೇಲೆ. ಏರ್‌ಮ್ಯಾಟಿಕ್ ಎನ್ನುತ್ತಾರೆ. ನಾಲ್ಕು ಮೂಲೆಗೆ ನಾಲ್ಕು ರಬ್ಬರ್ ಚೀಲ, ಅವಕ್ಕೆ ಗಾಳಿ ತುಂಬಲು ಒಂದು ಕಂಪ್ರೆಸರ್. ಇಪ್ಪತ್ತು ವರ್ಷಕ್ಕೆ ಆ ಚೀಲ ಬಿರಿಯುತ್ತದೆ. ಸೋರುವ ಚೀಲಕ್ಕೆ ತುಂಬಿಸಿ ತುಂಬಿಸಿ ಕಂಪ್ರೆಸರ್ ಸುಡುತ್ತದೆ. ಆಮೇಲೆ ಕಾರು ಎಮ್ಮೆ ಕೂತ ಹಾಗೆ ಕೂರುತ್ತದೆ, ಚಕ್ರ ಮಡ್‌ಗಾರ್ಡಿಗೆ ತಾಗುತ್ತದೆ, ಎಳೆಯಲೂ ಬರುವುದಿಲ್ಲ. ನಾಲ್ಕು ಜನ ಗೆಳೆಯರು, ಲಗೇಜು, ನಡುದಾರಿಯ ಒಂದು ಢಾಬಾ. ಯೋಚಿಸು.

ಕಾರಿನ ರೇಟು ಸಣ್ಣ ಕಾರಿನದು ಇರಬಹುದು, ಸಾಮಾನಿನ ರೇಟು ಎಸ್-ಕ್ಲಾಸಿನದೇ. ಕೊಂಡ ಹಣದ ಅರ್ಧದಷ್ಟು ಇನ್ನೊಂದು ಕಟ್ಟು ಪಕ್ಕಕ್ಕೆ ಇಡಲು ಆಗುವುದಾದರೆ ಮಾತ್ರ ಮುಂದೆ ಮಾತಾಡು. ಆದರೂ ಕಾಶಿಗೆ ಈ ವರ್ಷ ರೈಲಿನಲ್ಲಿ ಹೋಗಿ.

ನೋಡಲೇಬೇಕು ಅಂತ ಮನಸ್ಸು ಕೇಳದಿದ್ದರೆ ಹೀಗೆ ಮಾಡು. ಹಿಂದಿನ ದಿನ ಸಂಜೆ ಫೋನ್ ಮಾಡಿ, ರಾತ್ರಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಹೇಳು. ಬೆಳಗ್ಗೆ ಬೇಗ ಹೋಗು. ಹೊಳೆಯುವ ಬಾನೆಟ್ ನೋಡಬೇಡ, ದೂರ ನಿಂತು ನಾಲ್ಕು ಮೂಲೆಯ ಎತ್ತರ ನೋಡು. ಒಂದು ಮೂಲೆ ಕುಸಿದಿದ್ದರೆ ಅವರು ಕೊಟ್ಟ ಚಹಾ ಕುಡಿದು ಮನೆಗೆ ಬಾ. ನೀನು ಹೋಗುವ ಮೊದಲೇ ಎಂಜಿನ್ ಸ್ಟಾರ್ಟ್ ಆಗಿ ನಿಂತಿದ್ದರೆ ಚಹಾನೂ ಕುಡಿಯಬೇಡ.